ಎಆರ್-3ಎ ಸ್ಪೀಕರ್: ಹಿಂಬದಿ ಲೆವೆಲ್ ಕಂಟ್ರೋಲ್ ಕರಕರ ಅಂತಿದೆ. ಸ್ಪ್ರೇ ಸಾಕಾ, ಬಿಚ್ಚಲೇಬೇಕಾ?

ಬಾಸ್ಟನ್_ಕನ್ನಡಿಗ

ಅಕೌಸ್ಟಿಕ್ ರಿಸರ್ಚ್ ಎಆರ್-3ಎ, ಒಂದು ಜೊತೆ. ಇಲ್ಲೇ ಮೆಸಾಚುಸೆಟ್ಸ್‌ನ ಒಂದು ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ತೇವದಲ್ಲಿ ಕೂತಿದ್ದ ಮಾಲು. ಎರಡೂ ವೂಫರ್ (ತಗ್ಗು ಸ್ವರದ ದೊಡ್ಡ ಘಟಕ) ಚೆನ್ನಾಗಿ ಕೆಲಸ ಮಾಡ್ತಿವೆ. ತಕರಾರು ಹಿಂಬದಿಯ ಎರಡು ನಾಬ್‌ಗಳದ್ದು (ಒಂದು ಮಿಡ್‌ಗೆ, ಅಂದ್ರೆ ಮಧ್ಯದ ಸ್ವರಕ್ಕೆ; ಒಂದು ಟ್ವೀಟರ್‌ಗೆ, ಅಂದ್ರೆ ಮೇಲಿನ ಸ್ವರಕ್ಕೆ).

ಬಲಗಡೆ ಸ್ಪೀಕರ್: ಟ್ವೀಟರ್ ನಾಬನ್ನ ಒಂದೇ ಒಂದು ಜಾಗದಲ್ಲಿ ನಿಲ್ಲಿಸಿದ್ರೆ ಮಾತ್ರ ಸದ್ದು ಬರತ್ತೆ. ಕೂದಲೆಳೆಯಷ್ಟು ಆಚೆ ಈಚೆ ಆದ್ರೂ ಸತ್ತುಹೋಗತ್ತೆ. ಎಡಗಡೆ: ಮಿಡ್ ನಾಬ್ ತಿರುಗಿಸಿದಾಗ ಕರಕರ, ಜೊತೆಗೆ ಸದ್ದು ಒಮ್ಮೆ ಜಾಸ್ತಿ ಒಮ್ಮೆ ಕಮ್ಮಿ. ಆಂಪ್ಲಿಫೈಯರ್‌ನ ಎಡ-ಬಲ ತಂತಿ ಅದಲು ಬದಲು ಮಾಡಿ ನೋಡಿದೆ, ತೊಂದರೆ ಸ್ಪೀಕರ್ ಜೊತೇಲೇ ಬರ್ತಿದೆ. ಹಾಗಾಗಿ ಆಂಪ್ಲಿಫೈಯರ್ ನಿರಪರಾಧಿ.

ಕೈಯಲ್ಲಿರೋದು: ಡಿಆಕ್ಸಿಟ್ ಡಿ5 (ಸಂಪರ್ಕದ ಕಿಲುಬು ತೆಗೆಯೋ ಸ್ಪ್ರೇ) ಒಂದು ಡಬ್ಬಿ, ಡಿಜಿಟಲ್ ಮಲ್ಟಿಮೀಟರ್, 60 ವಾಟ್ ಸೋಲ್ಡರಿಂಗ್ ಐರನ್. ಕೇಳೋದು ಮೂರು.

1. ನಾಬ್ ಕಿತ್ತು, ಶಾಫ್ಟ್ ಸಂದಿಯಿಂದ ಹೊರಗಿನಿಂದಲೇ ಸ್ಪ್ರೇ ಹೊಡೆದ್ರೆ ಸಾಕಾ?
2. ಹೊರಗಿನ ಟರ್ಮಿನಲ್‌ಗಳಲ್ಲಿ ಮೀಟರ್ ಇಟ್ಟು ಯಾವ ಪಾಟ್ (ನಾಬ್ ಹಿಂದೆ ಇರೋ, ತಿರುಗಿಸಿದ್ರೆ ಬದಲಾಗೋ ಪ್ರತಿರೋಧ) ಕೆಟ್ಟಿದೆ ಅಂತ ತಿಳಿಯಬಹುದಾ?
3. ಪಾಟ್ ಕಿತ್ತುಹಾಕಿ ಹೊಸ ಎಲ್-ಪ್ಯಾಡ್ (ಸದ್ದು ಏರಿಸಿ ಇಳಿಸೋ ಇನ್ನೊಂದು ಬಗೆಯ ಕಂಟ್ರೋಲ್) ಹಾಕೋದೇ ವಾಸಿ ಅಂತ ಕೆಲವರ ಮಾತು. ನಿಜಾನಾ?

ಓಮ್‌ಕಾರ

ಬಿಚ್ಚೋ ಮುಂಚೆ ಒಂದು ನಿಮಿಷದ ಕೆಲಸ. ಹಿಂಬದಿಯಲ್ಲಿ ಮೂರು ಟರ್ಮಿನಲ್ ಇವೆ: 1, 2, ಟಿ. 2ಕ್ಕೂ ಟಿಗೂ ನಡುವೆ ಒಂದು ಪಟ್ಟಿ ಅಥವಾ ತಂತಿ ಇರಲೇಬೇಕು. ಮಿಡ್ ಮತ್ತು ಟ್ವೀಟರ್ ಎರಡಕ್ಕೂ ಸಿಗ್ನಲ್ ಹೋಗೋದು ಆ ಪಟ್ಟಿ ಮೇಲೇ. ಅದು ಸಡಿಲ ಆಗಿದ್ರೆ, ಕಿಲುಬು ಹಿಡಿದಿದ್ರೆ, ಎರಡೂ ಒಟ್ಟಿಗೆ ಮಂಕಾಗತ್ತೆ, ಜನ ಪಾಟ್ ಕೆಟ್ಟಿದೆ ಅಂದ್ಕೊಂಡು ಪೆಟ್ಟಿಗೆ ಬಿಚ್ಚುತ್ತಾರೆ. ನಿಮ್ಮಲ್ಲಿ ಒಂದರಲ್ಲಿ ಟ್ವೀಟರ್ ಮಾತ್ರ, ಇನ್ನೊಂದರಲ್ಲಿ ಮಿಡ್ ಮಾತ್ರ ತಕರಾರು ಮಾಡ್ತಿರೋದರಿಂದ ಪಟ್ಟಿ ಅಲ್ಲ, ಪಾಟೇ. ಆದರೂ ಪಟ್ಟಿ ಬಿಚ್ಚಿ ಉಜ್ಜಿ ಬಿಗಿ ಮಾಡಿಬಿಡಿ.

ನಿಮ್ಮ ಎರಡನೇ ಪ್ರಶ್ನೆ: ಆಗಲ್ಲ. ಮಿಡ್‌ಗೂ ಟ್ವೀಟರ್‌ಗೂ ಸರಣಿಯಲ್ಲಿ ಕೆಪಾಸಿಟರ್ ಕೂತಿದೆ (50 ಮತ್ತು 6 ಮೈಕ್ರೋಫ್ಯಾರಡ್). ಮೀಟರ್‌ನ ಡಿಸಿ ಅದನ್ನ ದಾಟಲ್ಲ. ಹೊರಗಿನಿಂದ ನಿಮಗೆ ಸಿಗೋದು ವೂಫರ್ ಅಳತೆ ಮಾತ್ರ, ಅದು 1 ಮತ್ತು 2ರ ನಡುವೆ. ಪಾಟ್ ಪರೀಕ್ಷೆಗೆ ಕಿವಿಯೇ ಸಾಧನ: ಎಫ್‌ಎಂ ಟ್ಯೂನರನ್ನ ಸ್ಟೇಷನ್ ಇಲ್ಲದ ಜಾಗಕ್ಕೆ ಇಟ್ಟು, ಆ ಸುಯ್ ಸದ್ದನ್ನ ತೀರಾ ಸಣ್ಣಗೆ ಇಟ್ಟು, ಟ್ವೀಟರ್ ಹತ್ತಿರ ಕಿವಿ ಕೊಟ್ಟು ನಾಬ್ ತಿರುಗಿಸಿ. ವಾಲ್ಯೂಮ್ ಜೋರಾಗಿಟ್ಟು ಮಾತ್ರ ತಿರುಗಿಸಬೇಡಿ. ಸಂಪರ್ಕ ತಪ್ಪಿ ಮತ್ತೆ ಫಟ್ ಅಂತ ಕೂಡೋ ಪ್ರತಿ ಸಲ ಟ್ವೀಟರ್‌ಗೆ ಏಟು.

ಈಗ ಕಾಯಿಲೆ ಏನು ಅಂತ. ರೇಡಿಯೋ, ಆಂಪ್ಲಿಫೈಯರ್‌ನಲ್ಲಿರೋದು ಕಾರ್ಬನ್ ಪಾಟ್. ಇದು ಬೇರೆ ಜಾತಿ: ಬಳೆಯಾಕಾರಕ್ಕೆ ಬಗ್ಗಿಸಿದ ಪಟ್ಟಿ ಮೇಲೆ ಸುತ್ತಿದ ಪ್ರತಿರೋಧದ ತಂತಿ, ತುದಿಯಿಂದ ತುದಿಗೆ 15–16 ಓಮ್. ಈ ತಂತಿ ಸುಲಭಕ್ಕೆ ಕೆಡಲ್ಲ. ಕೆಡೋದು ತಾಮ್ರ-ಹಿತ್ತಾಳೆಯ ಭಾಗ, ಅಂದ್ರೆ ತಂತಿ ಮೇಲೆ ಓಡಾಡೋ ವೈಪರ್ ಬೊಟ್ಟು, ಮತ್ತೆ ವೈಪರ್‌ನಿಂದ ಕಾಲಿಗೆ ಕರೆಂಟ್ ಒಯ್ಯೋ ಮಧ್ಯದ ಬಿಲ್ಲೆ. ಈ ಸ್ಪೀಕರ್‌ಗಳು 1967ರಿಂದ ಈಚಿನವು. ಹೆಚ್ಚಿನವರು ಕೊಂಡ ದಿನ ನಾಬನ್ನ ಹಿಂಬದಿಯಲ್ಲಿ ಗುರುತು ಮಾಡಿದ ಚುಕ್ಕೆಗೆ ಇಟ್ಟರು, ಮತ್ತೆ ಮುಟ್ಟಲಿಲ್ಲ. ಐವತ್ತು ವರ್ಷ ಒಂದೇ ಜಾಗದಲ್ಲಿ ನಿಂತ ಲೋಹ, ಸುತ್ತ ತೇವ. ಬೊಟ್ಟಿನ ಸುತ್ತ ಹಸಿರು ಕಿಲುಬು ದಿಬ್ಬ ಕಟ್ಟತ್ತೆ. ಹೆಚ್ಚಿನ ಜನಕ್ಕೆ ಗೊತ್ತಿಲ್ಲದ್ದು ಏನಂದ್ರೆ, ತಂತಿ ಪಳಪಳ ಅಂತಿದ್ರೂ ಮಧ್ಯದ ಬಿಲ್ಲೆ ಕೆಳಗೆ ಕಿಲುಬು ಕೂತಿರತ್ತೆ, ಅದು ಹೊರಗಿಂದ ಕಾಣೋದೇ ಇಲ್ಲ.

ಅದರ ಪರಿಣಾಮದ ಲೆಕ್ಕ: ಸಂಪರ್ಕದಲ್ಲಿ ಬರೀ 5 ಓಮ್ ಸೇರಿಕೊಂಡಿತು ಅನ್ನಿ, ಡ್ರೈವರ್ (ಸದ್ದು ಮಾಡೋ ಘಟಕ, ಇಲ್ಲಿ ಮಿಡ್ ಅಥವಾ ಟ್ವೀಟರ್) 4 ಓಮ್ ಅನ್ನಿ. ಡ್ರೈವರ್‌ಗೆ ಸಿಗೋ ವೋಲ್ಟೇಜ್ 9ರಲ್ಲಿ 4 ಪಾಲು, ಅಂದ್ರೆ 7 ಡೆಸಿಬೆಲ್ ನಷ್ಟ, ಪವರ್ ಲೆಕ್ಕದಲ್ಲಿ ಐದನೇ ಒಂದು ಪಾಲು. ಕರಕರ ಇಲ್ಲದೇನೂ ಹೀಗಾಗಬಹುದು. "3ಎ ಸ್ವಲ್ಪ ಮಂಕು ಸ್ಪೀಕರ್" ಅನ್ನೋ ಅಪವಾದದಲ್ಲಿ ದೊಡ್ಡ ಪಾಲು ಈ ಕಿಲುಬಿನದ್ದೇ ಅಂತ ನನ್ನ ಅಭಿಪ್ರಾಯ.

ಮೊದಲನೇ ಪ್ರಶ್ನೆಗೆ: ಶಾಫ್ಟ್ ಸಂದಿಯಿಂದ ಹೊಡೆದದ್ದು ಬುಶ್‌ನಲ್ಲೇ (ಶಾಫ್ಟ್ ಸುತ್ತಲಿನ ಕೊಳವೆಯಲ್ಲೇ) ನಿಂತುಬಿಡತ್ತೆ, ವೈಪರ್ ತನಕ ಹೋಗೋದು ನಾಲ್ಕು ಹನಿ. ಉಳಿದದ್ದು ಒಳಗಿನ ಗಾಜುನಾರು ಕುಡಿಯತ್ತೆ. ಮುಚ್ಚಿದ ಪೆಟ್ಟಿಗೆಯೊಳಗೆ ಹೊತ್ತಿಕೊಳ್ಳೋ ಆವಿ ಬೇರೆ. ಬಿಚ್ಚಲೇಬೇಕು.

ಕಡಲ_ಬದಿ

ಒಂದು ತಡೀರಿ ಮಾರಾಯ್ರೆ. ಬಿಚ್ಚುವ ಮೊದಲು ಖರ್ಚಿಲ್ಲದ ಒಂದು ಪ್ರಯತ್ನ ಉಂಟು. ಆಂಪ್ಲಿಫೈಯರ್ ತಂತಿ ತೆಗೆದು, ಎರಡೂ ನಾಬನ್ನು ಈ ತುದಿಯಿಂದ ಆ ತುದಿಗೆ ಐವತ್ತು ಸಲ ತಿರುಗಿಸಿ. ತೆಳು ಪದರ ಇದ್ದರೆ ಉಜ್ಜಿ ಹೋಗ್ತದೆ. ಎಡಗಡೆ ಮಿಡ್‌ನ ಕರಕರ ಇಷ್ಟಕ್ಕೇ ನಿಂತರೂ ನಿಂತೀತು. ಬಲಗಡೆ ಟ್ವೀಟರ್ ಒಂದೇ ಜಾಗದಲ್ಲಿ ಮಾತ್ರ ಬರುವುದಾದರೆ ಅದಕ್ಕೆ ಈ ಮದ್ದು ನಾಟುವುದಿಲ್ಲ.

ಇನ್ನೊಂದು: ಹಿತ್ತಾಳೆ ದೀಪಕ್ಕೆ ಹಾಕುವ ಹುಣಸೆಹುಳಿ ಇದಕ್ಕೂ ಆಗ್ತದಾ? ಕಿಲುಬು ಅಂದ್ರೆ ಕಿಲುಬೇ ಅಲ್ಲವಾ.

ಓಮ್‌ಕಾರ

ಐವತ್ತು ಸಲ ತಿರುಗಿಸೋದು ಸರಿಯಾದ ಮಾತು. ಆದ್ರೆ ಗುಣ ಆಯ್ತು ಅಂತ ಬಿಟ್ಟರೆ ಮೂರು-ನಾಲ್ಕು ತಿಂಗಳಿಗೆ ಮತ್ತೆ ಶುರು. ಪುಡಿಯಾದ ಕಿಲುಬು ಎಲ್ಲೂ ಹೋಗಿರಲ್ಲ, ಅಲ್ಲೇ ಇರತ್ತೆ.

ಹುಣಸೆಹುಳಿ ಕೆಲಸ ಮಾಡತ್ತೆ, ಅದರ ಟಾರ್ಟಾರಿಕ್ ಆಮ್ಲ ತಾಮ್ರದ ಕಿಲುಬನ್ನ ಕರಗಿಸತ್ತೆ. ಆದರೆ ನಾವು ಮನೇಲಿ ಹುಣಸೆ ಜೊತೆ ಉಪ್ಪು ಹಾಕ್ತೀವಿ ನೋಡಿ, ಅಲ್ಲೇ ಕೆಡೋದು. ಉಪ್ಪಿನ ಕ್ಲೋರೈಡ್ ಸಂದಿಯಲ್ಲಿ ಉಳಿದ್ರೆ ಎರಡು ತಿಂಗಳಲ್ಲಿ ಮೊದಲಿಗಿಂತ ಹಸಿರಾಗತ್ತೆ. ದೀಪವನ್ನ ವಾರಕ್ಕೊಮ್ಮೆ ತೊಳೀತೀವಿ, ಪಾಟನ್ನ ತೊಳೆಯಕ್ಕಾಗಲ್ಲ. ನಾರು, ಸಕ್ಕರೆ ಅಂಶ ಬೇರೆ ಅಂಟಿಕೊಳ್ಳತ್ತೆ. 5% ಬಿಳಿ ವಿನಿಗರ್ ಸಿಗೋ ಕಡೆ ಅದೇ ಸಾಕು.

ಈಗ ಬಿಚ್ಚೋ ಕ್ರಮ.

ಪೆಟ್ಟಿಗೆಯನ್ನ ಬೆನ್ನ ಮೇಲೆ ಮಲಗಿಸಿ, ಕೆಳಗೆ ಕಂಬಳಿ. ಬಟ್ಟೆಯ ಗ್ರಿಲ್ಲನ್ನ ಒಂದೇ ಕಡೆಯಿಂದ ಎಬ್ಬಿಸಬೇಡಿ, ಫ್ರೇಮ್ ಮುರಿಯತ್ತೆ. ತೆಳ್ಳನೆ ಪುಟ್ಟಿ ಬ್ಲೇಡನ್ನ ಅಂಚಲ್ಲಿ ತೂರಿಸಿ ನಾಲ್ಕೂ ಕಡೆ ಸ್ವಲ್ಪ ಸ್ವಲ್ಪ ಎತ್ತಿ. ಗ್ರಿಲ್ ಬಂದ ತಕ್ಷಣ ಮಿಡ್ ಮತ್ತು ಟ್ವೀಟರ್ ಮೇಲೆ ಒಂದೊಂದು ರಟ್ಟಿನ ತುಂಡು ಅಂಟಿಸಿ. ಆ ಡೋಮ್‌ಗಳ ತಂತಿ ಕೂದಲಿನಷ್ಟು ತೆಳು. ಸ್ಕ್ರೂಡ್ರೈವರ್ ಜಾರಿದ್ರೆ ಪಾಟ್ ರಿಪೇರಿ ಹೋಗಿ ಟ್ವೀಟರ್ ರಿಪೇರಿ ಆಗತ್ತೆ.

ವೂಫರ್ ಸ್ಕ್ರೂ ತೆಗೀರಿ. ಅಂಚಿನ ಹಳೇ ಅಂಟು ಹಿಡಿದಿರತ್ತೆ, ಕೋನ್ ಮೇಲೆ ಭಾರ ಹಾಕದೆ ಫ್ರೇಮ್ ಅಂಚಿಂದ ನಿಧಾನಕ್ಕೆ ಎಬ್ಬಿಸಿ. ಹನ್ನೆರಡು ಇಂಚಿನ ವೂಫರ್, ಅಯಸ್ಕಾಂತ ತೂಕದ್ದು, ಎರಡೂ ಕೈ ಬೇಕು. ಎರಡು ತಂತಿಗಳಲ್ಲಿ ಯಾವುದು ಯಾವ ಕಾಲಿಗೆ ಅಂತ ಟೇಪ್ ಹಚ್ಚಿ ಗುರುತು ಮಾಡಿ, ಆಮೇಲೆ ಬಿಡಿಸಿ. ಅದು ಹೊರಗೆ ಬಂದಾಗಲೇ ಸುತ್ತಂಚು ನೋಡ್ಕೊಳ್ಳಿ. ಮೊದಮೊದಲಿನವು ಬಟ್ಟೆಯವು, ಆಮೇಲಿನವು ಫೋಮಿನವು. ಫೋಮ್ ಆಗಿದ್ರೆ ಬೆರಳು ಸೋಕಿದ್ರೆ ಪುಡಿಯಾಗೋ ಸ್ಥಿತಿಯಲ್ಲಿರಬಹುದು.

ಕೈಗವಸು, ಮಾಸ್ಕ್ ಹಾಕ್ಕೊಂಡು ಗಾಜುನಾರು ತೆಗೆದು ಒಂದು ಚೀಲಕ್ಕೆ ತುಂಬಿ ತೂಕ ಮಾಡಿ ಬರೆದಿಡಿ. ಎಷ್ಟು ತೆಗೆದಿರೋ ಅಷ್ಟೇ ವಾಪಸ್ ಹೋಗಬೇಕು. ಇದು ಮುಚ್ಚಿದ ಪೆಟ್ಟಿಗೆಯ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡ ವಿನ್ಯಾಸ (ಎಡ್ಗರ್ ವಿಲ್ಚರ್ ಇದೇ ಉಪಾಯ ಇಟ್ಕೊಂಡು ಹೆನ್ರಿ ಕ್ಲಾಸ್ ಜೊತೆ 1954ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಕಂಪನಿ ಶುರು ಮಾಡಿದ್ದು). ನಾರು ಕಮ್ಮಿಯಾದ್ರೆ ಬಾಸ್ ಬದಲಾಗತ್ತೆ.

ಈಗ ಪಾಟ್‌ಗಳು ಹಿಂದಿನ ಹಲಗೆಯಲ್ಲಿ ಕಾಣತ್ತವೆ. ತಂತಿ ಬಿಡಿಸೋ ಮುಂಚೆ ಫೋಟೋ, ಫೋಟೋ, ಇನ್ನೊಂದು ಫೋಟೋ. ಪ್ರತಿ ತಂತಿಗೂ ಕಾಗದದ ಚೀಟಿ. ಯಾಕಿಷ್ಟು ಒತ್ತಿ ಹೇಳ್ತೀನಿ ಅಂದ್ರೆ: ಎರಡು ತುದಿಗಳು ಅದಲು ಬದಲಾದ್ರೆ ನಾಬ್ ಉಲ್ಟಾ ಕೆಲಸ ಮಾಡತ್ತೆ, ಅಷ್ಟೇ. ಆದ್ರೆ ವೈಪರ್‌ಗೂ ಒಳಬರೋ ತುದಿಗೂ ಅದಲು ಬದಲಾದ್ರೆ, ನಾಬನ್ನ ಒಂದು ಕೊನೆಗೆ ತಿರುಗಿಸಿದಾಗ ಕೆಪಾಸಿಟರ್ ಆಚೆ ನೇರ ಶಾರ್ಟ್. ಟ್ವೀಟರ್ ಸರ್ಕ್ಯೂಟ್ ಆದ್ರೆ 20,000 ಹರ್ಟ್ಜ್‌ನಲ್ಲಿ 6 ಮೈಕ್ರೋಫ್ಯಾರಡ್‌ನ ತಡೆ ಬರೀ 1.3 ಓಮ್. ಆಂಪ್ಲಿಫೈಯರ್‌ಗೆ ಇದು ಒಳ್ಳೇದಲ್ಲ.

ಹೊರಗೆ ನಾಬನ್ನ ನೇರವಾಗಿ ಹಿಂದಕ್ಕೆ ಎಳೀರಿ. ಬರದಿದ್ರೆ ಪಕ್ಕದಲ್ಲಿ ಪುಟ್ಟ ಸ್ಕ್ರೂ ಇದ್ಯಾ ನೋಡಿ. ಅದರಡಿ ನಟ್. ನಟ್ ಬಿಚ್ಚಿದ್ರೆ ಪಾಟ್ ಒಳಗೆ ಕೈಗೆ ಬರತ್ತೆ.

ಓಮ್‌ಕಾರ

ಮುಂದುವರಿಕೆ, ಪಾಟ್ ಒಳಗಿನ ಕೆಲಸ. ಒಂದು ಸಲಕ್ಕೆ ಒಂದೇ ಪಾಟ್ ಬಿಚ್ಚಿ, ಇನ್ನೊಂದು ನಕ್ಷೆಯ ಹಾಗೆ ಎದುರಿಗಿರಲಿ.

ಮೊದಲು ಮೀಟರ್. ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿದಾಗ ಬರೋ ಅಳತೆ ಬರೆದುಕೊಳ್ಳಿ, ಸಾಮಾನ್ಯವಾಗಿ 0.2ರಿಂದ 0.4 ಓಮ್. ಅದನ್ನ ಎಲ್ಲದರಿಂದ ಕಳೀರಿ. ತುದಿಯಿಂದ ತುದಿಗೆ 15–16 ಬಂದ್ರೆ ತಂತಿ ಸುತ್ತು ಬದುಕಿದೆ, ಉಳಿದದ್ದೆಲ್ಲ ಸರಿ ಮಾಡಬಹುದು.

ಶಾಫ್ಟ್ ಮತ್ತೆ ಮೈ ಮೇಲೆ ಚೂಪಾದ ಮೊಳೆಯಿಂದ ಒಂದು ಗೀರು ಎಳೆದು ಸ್ಥಾನ ಗುರುತು ಮಾಡಿ. ಶಾಫ್ಟ್ ಸುತ್ತ ಅರ್ಧ ಚಂದ್ರದ ಹಾಗೆ ಒಂದು ಕ್ಲಿಪ್ ಇರತ್ತೆ. ಅದನ್ನ ಪಾಲಿಥಿನ್ ಚೀಲದೊಳಗೆ ಕೈ ಹಾಕಿಕೊಂಡು ತಳ್ಳಿ, ಇಲ್ಲಾಂದ್ರೆ ಟಿಣ್ ಅಂತ ಹಾರಿ ಸೋಫಾ ಕೆಳಗೆ ಹೋಗತ್ತೆ. ಕ್ಲಿಪ್ ಹೋದ ಮೇಲೆ ಶಾಫ್ಟ್, ವೈಪರ್, ವಾಷರ್‌ಗಳು ಬಿಡಿಬಿಡಿಯಾಗಿ ಬರತ್ತವೆ. ಬಂದ ಕ್ರಮದಲ್ಲೇ ಬಿಳಿ ಹಾಳೆ ಮೇಲೆ ಸಾಲಾಗಿ ಇಡಿ.

ಲೋಹದ ಬಿಡಿ ಭಾಗಗಳನ್ನ ಮಾತ್ರ ವಿನಿಗರ್‌ನಲ್ಲಿ 15–20 ನಿಮಿಷ ನೆನೆಸಿ. ಫೈಬರ್ ವಾಷರ್, ತಂತಿ ಸುತ್ತಿದ ಮೈ ಅದ್ದಬೇಡಿ, ನೀರು ಹೀರತ್ತೆ. ತೆಗೆದ ಮೇಲೆ ಅಡಿಗೆ ಸೋಡಾ ಒಂದು ಚಮಚ ಬೆರೆಸಿದ ಒಂದು ಲೋಟ ನೀರಲ್ಲಿ ಅದ್ದಿ, ಆಮೇಲೆ ಬರೀ ನೀರು, ಆಮೇಲೆ ಐಸೋಪ್ರೊಪೈಲ್ ಆಲ್ಕೊಹಾಲ್. ಆಮ್ಲ ಉಳಿದ್ರೆ ಮಾಡಿದ್ದೆಲ್ಲ ವ್ಯರ್ಥ.

ವೈಪರ್ ಬೊಟ್ಟನ್ನ 1500 ನಂಬರ್ ಎಮರಿ ಕಾಗದದಲ್ಲಿ ಎರಡು-ಮೂರು ಎಳೆತ. ಕಪ್ಪೋ ಹಸಿರೋ ಹೋಗಿ ಲೋಹದ ಬಣ್ಣ ಬಂದ್ರೆ ಸಾಕು, ತೇಯಬೇಡಿ. ಮಧ್ಯದ ಬಿಲ್ಲೆಗೆ ಹಿತ್ತಾಳೆ ಬ್ರಷ್. ತಂತಿ ಸುತ್ತಿಗೆ ಎಮರಿ ಕಾಗದ ಮುಟ್ಟಿಸಲೇಬೇಡಿ. ಪೆನ್ಸಿಲ್ ರಬ್ಬರ್ ತಗೊಂಡು ವೈಪರ್ ಓಡೋ ದಾರಿಯಲ್ಲೇ ಮೆಲ್ಲಗೆ ಉಜ್ಜಿ, ಪುಡಿಯನ್ನ ಆಲ್ಕೊಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ. ಉಕ್ಕಿನ ಉಣ್ಣೆ ಈ ಮೇಜಿನ ಹತ್ತಿರ ಕೂಡ ಬರಬಾರದು. ಅದರ ಒಂದು ಎಳೆ ಎರಡು ಸುತ್ತಿನ ನಡುವೆ ಸಿಕ್ಕಿದ್ರೆ ಶಾರ್ಟ್, ವೂಫರ್ ಅಯಸ್ಕಾಂತದ ಸಂದಿಗೆ ಹೋದ್ರೆ ಜನ್ಮವಿಡೀ ಕಿರಿಕಿರಿ.

ಇಲ್ಲಿ ಎಲ್ಲರೂ ಮರೆಯೋ ಒಂದು: ವೈಪರ್ ತೋಳಿನ ಬಿಗಿ. ಐವತ್ತು ವರ್ಷದಲ್ಲಿ ಸ್ಪ್ರಿಂಗ್ ಸೋತಿರತ್ತೆ. ತೋಳನ್ನ ಒಂದು ಮಿಲಿಮೀಟರಿನಷ್ಟು ತಂತಿ ಕಡೆಗೆ ಬಗ್ಗಿಸಿ. ಜೋಡಿಸಿದಾಗ ಶಾಫ್ಟ್ ತಿರುಗಿಸೋಕೆ ಸ್ವಲ್ಪ ತಡೆ ಕೊಡಬೇಕು, ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ. ಗಿರಗಿರ ತಿರುಗಿದ್ರೆ ಬಿಗಿ ಸಾಲದು.

ಜೋಡಿಸುವಾಗ ತಂತಿ ದಾರಿಗೂ ಬಿಲ್ಲೆಗೂ ಡಿಆಕ್ಸಿಟ್ ತೆಳುವಾಗಿ, ಹನಿ ಇಳಿಯೋ ಹಾಗಲ್ಲ. ಡಿ5ರಲ್ಲಿ ಮದ್ದು 5% ಮಾತ್ರ, ಉಳಿದದ್ದು ದ್ರಾವಕ ಮತ್ತೆ ಒತ್ತಡದ ಅನಿಲ. ಹಾಗಾಗಿ ತೊಳೆಯೋಕೆ ಅದು ಒಳ್ಳೇದು. ಕೊನೇ ಪದರಕ್ಕೆ ಡಿ100 (ಪೂರ್ತಿ ಮದ್ದೇ ಇರೋದು) ಒಂದು ಹನಿ ಇದ್ರೆ ಇನ್ನೂ ವಾಸಿ. ಸ್ಪ್ರೇ ಮಾಡೋದೆಲ್ಲ ಪೆಟ್ಟಿಗೆಯಿಂದ ದೂರ, ವೂಫರ್ ಕೋನ್‌ನಿಂದ ದೂರ.

ಪರೀಕ್ಷೆ: ಮೀಟರನ್ನ ವೈಪರ್ ಮತ್ತು ಒಂದು ತುದಿಗೆ ಹಾಕಿ ನಿಧಾನಕ್ಕೆ ತಿರುಗಿಸಿ. 0ರಿಂದ 16ರ ತನಕ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ನಡುವೆ ಎಲ್ಲೂ ಹಾರಬಾರದು. ಡಿಜಿಟಲ್ ಮೀಟರ್ ನಿಧಾನ, ಸಣ್ಣ ಜಿಗಿತ ಕಾಣಿಸಲ್ಲ. ಮುಳ್ಳಿನ ಮೀಟರ್ ಎರವಲು ಸಿಕ್ಕಿದ್ರೆ ಅದರಲ್ಲಿ ನೋಡಿ, ಮುಳ್ಳು ಅದುರಿದ್ರೆ ಮತ್ತೆ ಬಿಚ್ಚಿ. ಕೊನೆಯ ತುದಿಯಲ್ಲಿ ಕಡ್ಡಿಗಳ ಅಳತೆ ಕಳೆದು 0.2 ಓಮ್ ಒಳಗೆ ಬಂದ್ರೆ ಬಿಲ್ಲೆ ಸ್ವಚ್ಛ ಅಂತ ಅರ್ಥ.

ಪೇಡಾ_ಧಾರವಾಡ

ಇಷ್ಟೆಲ್ಲಾ ಯಾಕ್ರಿ? 8 ಓಮ್ ಎಲ್-ಪ್ಯಾಡ್ ನಾಲ್ಕು ತಂದು ಹಾಕಿದ್ರ ಒಂದು ಸಂಜೀ ಕೆಲಸ. ಹಳೇದು ಎಷ್ಟು ತೊಳದ್ರೂ ಹಳೇದ. ತ್ಯಾವ ಇರೋ ಕಡೆ ಮತ್ತ ಕಿಲುಬು ಬಂದ ಬರ್ತೈತಿ.

ಓಮ್‌ಕಾರ

ಹಾಕಬಹುದು, ತಪ್ಪೇನಿಲ್ಲ. ಆದರೆ ಬರೀ ಎಲ್-ಪ್ಯಾಡ್ ಹಾಕಿದ್ರೆ ಅದು 3ಎ ಆಗಿ ಉಳಿಯಲ್ಲ. ಯಾಕೆ ಅಂತ ಹೇಳ್ತೀನಿ.

ಎಲ್-ಪ್ಯಾಡ್ ಒಳಗೆ ಎರಡು ಸುತ್ತು ಒಂದೇ ಶಾಫ್ಟ್‌ಗೆ: ಒಂದು ಸರಣಿಯಲ್ಲಿ, ಒಂದು ಅಡ್ಡಲಾಗಿ. 8 ಓಮ್‌ನದ್ದಾದ್ರೆ, 3 ಡೆಸಿಬೆಲ್ ಇಳಿಸಿದಾಗ ಸರಣಿ 2.3, ಅಡ್ಡ 19.4 ಓಮ್. 6 ಡೆಸಿಬೆಲ್ ಇಳಿಸಿದಾಗ ಸರಣಿ 4, ಅಡ್ಡ 8. ಎಷ್ಟೇ ತಿರುಗಿಸಿದ್ರೂ ಕ್ರಾಸೋವರ್‌ಗೆ (ಸ್ವರಗಳನ್ನ ವೂಫರ್, ಮಿಡ್, ಟ್ವೀಟರ್‌ಗೆ ಹಂಚೋ ಸರ್ಕ್ಯೂಟ್) ಕಾಣೋ ಹೊರೆ ಒಂದೇ. ಎಆರ್‌ನ ಪಾಟ್ ಹಾಗಲ್ಲ. ಅದರ 16 ಓಮ್ ಯಾವಾಗಲೂ ಕ್ರಾಸೋವರ್‌ಗೆ ಅಡ್ಡಲಾಗಿ ಕೂತಿರತ್ತೆ, ನಾಬ್ ಪೂರ್ತಿ ಮೇಲಿದ್ರೂ. ಅಂದ್ರೆ ಪಾಟ್ ಕೂಡ ಕ್ರಾಸೋವರ್‌ನ ಒಂದು ಭಾಗವೇ.

ಬರೀ ಕೆಪಾಸಿಟರ್ ಲೆಕ್ಕ ಹಿಡಿದ್ರೆ: 6 ಮೈಕ್ರೋಫ್ಯಾರಡ್, ಹೊರೆ 4 ಓಮ್ ಅಂತಿಟ್ಟುಕೊಳ್ಳಿ, ಕಡಿತದ ಜಾಗ (ಅದಕ್ಕಿಂತ ಕೆಳಗಿನ ಸ್ವರ ಟ್ವೀಟರ್‌ಗೆ ಕಮ್ಮಿಯಾಗ್ತಾ ಹೋಗತ್ತೆ) ಸುಮಾರು 6,600 ಹರ್ಟ್ಜ್. ಅದೇ 4 ಓಮ್‌ಗೆ 16 ಓಮ್ ಅಡ್ಡ ಬಂದ್ರೆ ಹೊರೆ 3.2, ಕಡಿತ 8,300ರ ಹತ್ತಿರ. ಪಾಟ್ ತೆಗೆದ ಕೂಡಲೇ ಟ್ವೀಟರ್ ಇನ್ನೂ ಕೆಳಗಿನ ಸ್ವರಗಳನ್ನೂ ಹೊರಬೇಕಾಗತ್ತೆ. ಮುಕ್ಕಾಲು ಇಂಚಿನ ಡೋಮ್ ಅದು, ಪಾಪ.

ಹಾಗಾಗಿ ಎಲ್-ಪ್ಯಾಡ್ ಹಾಕೋರು 25 ಓಮ್, 10 ವಾಟ್‌ನ ವೈರ್‌ವೌಂಡ್ ರೆಸಿಸ್ಟರ್ ಒಂದನ್ನ ಎಲ್-ಪ್ಯಾಡ್‌ನ 1 ಮತ್ತು 3ನೇ ಕಾಲಿಗೆ ಅಡ್ಡ ಬೆಸೀತಾರೆ. ಸಾಮಾನ್ಯ ಎಲ್-ಪ್ಯಾಡ್‌ನಲ್ಲಿ 1 ನೆಲ (ಗ್ರೌಂಡ್), 2 ಡ್ರೈವರ್, 3 ಒಳಬರೋದು. ಆದರೂ ಜೊತೆಗೆ ಬರೋ ಚೀಟಿ ನೋಡ್ಕೊಳ್ಳಿ. ಇನ್ನೊಂದು, ಕೊಳ್ಳೋ ಮುಂಚೆ ಬುಶ್‌ನ ಉದ್ದಾನ ಹಲಗೆಯ ದಪ್ಪಕ್ಕೆ ಹೋಲಿಸಿ. ಗಿಡ್ಡ ಬುಶ್ ತಂದು ನಟ್ ಹಿಡಿಯದೆ ಹಲಗೆ ಕೊರೆಯೋಕೆ ಕೂತವರಿದ್ದಾರೆ. ಮತ್ತೆ, ಎರಡೂ ಸ್ಪೀಕರ್‌ಗೂ ಹಾಕಿ. ಒಂದರಲ್ಲಿ ಪಾಟ್ ಒಂದರಲ್ಲಿ ಎಲ್-ಪ್ಯಾಡ್ ಬೇಡ.

ನನ್ನ ಪ್ರಕಾರ: ತುದಿ-ತುದಿ 16 ಓಮ್ ಬರ್ತಿದ್ರೆ ತೊಳೀರಿ. ತಂತಿ ಕಡಿದಿದ್ರೆ ಮಾತ್ರ ಬದಲಿ.

ಪೇಡಾ_ಧಾರವಾಡ

25 ಓಮ್ ವಿಷಯ ಗೊತ್ತಿರಲಿಲ್ಲ ನೋಡ್ರಿ. ಒಪ್ಪಿದೆ.

ಮೈಸೂರು_ಮಲ್ಲಿಗೆ_72

ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನನ್ನ ಹತ್ತಿರ ಇರೋದು ಜೆಬಿಎಲ್ ಎಲ್100. ಪ್ರೆಸೆನ್ಸ್, ಬ್ರಿಲಿಯನ್ಸ್ ನಾಬ್ ಎರಡೂ ಮುಂದೆ ಇವೆ, ಎರಡೂ ಚರಚರ. ಇದಕ್ಕೂ ಇದೇ ಕ್ರಮಾನಾ? ಡಿಆಕ್ಸಿಟ್ ಇಲ್ಲಿ ಅಂಗಡೀಲಿ ಸಿಗ್ತಿಲ್ಲ. ಡಬ್ಲ್ಯೂಡಿ-40 ಹೊಡೀಬಹುದಾ?

ಓಮ್‌ಕಾರ

ನೀಲಿ-ಹಳದಿ ಡಬ್ಬಿಯ ಮಾಮೂಲಿ ಡಬ್ಲ್ಯೂಡಿ-40 ಬೇಡ. ಮೊದಲ ದಿನ ಸದ್ದು ನಿಂತ ಹಾಗೆ ಅನ್ಸತ್ತೆ, ಆಮೇಲೆ ಎಣ್ಣೆ ಪದರ ಉಳಿದು ಧೂಳು ಕಟ್ಟಿಕೊಳ್ಳತ್ತೆ. ಅದೇ ಕಂಪನಿಯ ಸ್ಪೆಷಲಿಸ್ಟ್ ಕಾಂಟ್ಯಾಕ್ಟ್ ಕ್ಲೀನರ್ ಬೇರೆ ಮಾಲು, ಅದು ಆಗತ್ತೆ. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ "ಕಾಂಟ್ಯಾಕ್ಟ್ ಕ್ಲೀನರ್" ಅಂತಲೇ ಕೇಳಿ, ಡಬ್ಬಿ ಮೇಲೆ ಪ್ಲಾಸ್ಟಿಕ್‌ಗೆ ತೊಂದರೆ ಇಲ್ಲ ಅಂತ ಬರೆದಿದ್ಯಾ ನೋಡಿ. ಹೊರದೇಶದಿಂದ ಡಿಆಕ್ಸಿಟ್ ತರಿಸೋದಾದ್ರೆ ಸ್ಪ್ರೇ ಡಬ್ಬಿ ವಿಮಾನದ ಪಾರ್ಸೆಲ್‌ನಲ್ಲಿ ಬರಲ್ಲ. ಡಿ100ರ ಚಿಕ್ಕ ಬಾಟ್ಲಿ ನೋಡಿ.

ಎಲ್100ರಲ್ಲಿ ಇರೋದು ಎಲ್-ಪ್ಯಾಡ್, ಅಂದ್ರೆ ಎರಡು ಸುತ್ತು, ಎರಡು ವೈಪರ್. ಒಂದನ್ನ ತೊಳೆದು ಇನ್ನೊಂದು ಬಿಟ್ಟರೆ ಕರಕರ ಅರ್ಧ ಮಾತ್ರ ಹೋಗತ್ತೆ. ನಾಬ್ ಮುಂದೆ ಇದೆ ಅಂತ ಮುಂದಿನಿಂದ ಸ್ಪ್ರೇ ಮಾಡಿದ್ರೆ ದ್ರಾವಕ ಇಳಿದು ಆ ಬೆಳ್ಳಿ ಬಣ್ಣದ ಫಲಕದ ಅಕ್ಷರ ಎದ್ದುಬರತ್ತೆ, ಇಲ್ಲಾ ಬಿಳಿ ವೂಫರ್ ಕೋನ್ ಮೇಲೆ ಕಲೆ. ಫಲಕ ಅಂಟಿಸಿದ್ದು, ಕೀಳೋಕೆ ಹೋಗಬೇಡಿ, ಮಡಚಿಕೊಳ್ಳತ್ತೆ. ವೂಫರ್ ತೆಗೆದು ಒಳಗಿನಿಂದ ಕೈ ಹಾಕಿ. ಎಲ್-ಪ್ಯಾಡ್‌ನ ಪಕ್ಕ ಸುತ್ತು ಕಾಣೋ ಸಂದಿ ಇರತ್ತೆ, ಅಲ್ಲಿಗೆ ಸಣ್ಣ ನಳಿಕೆ ಇಟ್ಟು ಅರ್ಧ ಸೆಕೆಂಡ್, ಮೂವತ್ತು ಸಲ ತಿರುಗಿಸಿ, ಮತ್ತೆ ಅರ್ಧ ಸೆಕೆಂಡ್. ಕೆಳಗೆ ಬಟ್ಟೆ ಹಿಡಿದಿರಿ, ಕಪ್ಪು ನೀರು ಇಳಿಯತ್ತೆ. ಎಆರ್‌ನಷ್ಟು ಕಿಲುಬು ಇದರಲ್ಲಿ ಕಟ್ಟಿರೋದು ಕಮ್ಮಿ, ಬಹಳ ಸಲ ಇಷ್ಟಕ್ಕೇ ಸರಿಹೋಗತ್ತೆ.

ಕಡಲ_ಬದಿ

ಎಲ್100ರ ಮುಂದಿನ ಆ ಚೌಕ ಚೌಕದ ಫೋಮ್ ಗ್ರಿಲ್ ಹಳೇದೇ ಆಗಿದ್ರೆ ತೆಗೆಯುವಾಗ ಕೆಳಗೆ ಪೇಪರ್ ಹಾಸಿ. ಹಳೇ ಬಿಸ್ಕೆಟಿನ ಹಾಗೆ ಉದುರ್ತದೆ, ಉದುರಿದ್ದು ಸೀದಾ ಟ್ವೀಟರ್ ಮೇಲೆ ಅಂಟ್ತದೆ.

ಬಾಸ್ಟನ್_ಕನ್ನಡಿಗ

ಎಲ್ಲರಿಗೂ ವಂದನೆ. ನಾಲ್ಕರಲ್ಲಿ ಮೂರು ಪಾಟ್ ಮುಗೀತು: 15.6, 15.9, 16.1 ಓಮ್, ತಿರುಗಿಸಿದಾಗ ಜಿಗಿತ ಇಲ್ಲ. ಬಿಲ್ಲೆ ಕೆಳಗೆ ನೀವು ಹೇಳಿದ ಹಾಗೇ ಹಸಿರು ಗಟ್ಟಿ ಪದರ ಇತ್ತು.

ಬಲಗಡೆ ಟ್ವೀಟರ್‌ದು ಮಾತ್ರ ತುದಿ-ತುದಿ ತೋರಿಸ್ತಾನೇ ಇಲ್ಲ, ಓಪನ್, ಅಂದ್ರೆ ಸಂಪರ್ಕವೇ ಇಲ್ಲ. ಕನ್ನಡಕ ಹಾಕ್ಕೊಂಡು ನೋಡಿದ್ರೆ ಚುಕ್ಕೆಯ ಜಾಗದ ಹತ್ತಿರವೇ ಒಂದು ಸುತ್ತು ಕಡಿದಿದೆ, ಸುತ್ತ ಹಸಿರು. ಬೆಸುಗೆ ಹಾಕೋಕೆ ನೋಡಿದೆ, ಸೀಸ ಗೋಲಿ ಹಾಗೆ ಉರುಳಿಹೋಗ್ತಿದೆ, ಹಿಡೀತಿಲ್ಲ.

ಓಮ್‌ಕಾರ

ಹಿಡಿಯಲ್ಲ. ಪ್ರತಿರೋಧದ ತಂತಿ ಮೇಲಿನ ಆಕ್ಸೈಡನ್ನ ಎಲೆಕ್ಟ್ರಾನಿಕ್ಸ್ ಬೆಸುಗೆಯ ರಾಳ ಕರಗಿಸಲ್ಲ. ಆಮ್ಲದ ಫ್ಲಕ್ಸ್ ಹಾಕಿದ್ರೆ ಹಿಡಿದೀತು, ಆದ್ರೆ ಆ ಆಮ್ಲ ಸುತ್ತುಗಳ ನಡುವೆ ಉಳಿದು ಪಕ್ಕದ ಸುತ್ತನ್ನ ತಿನ್ನತ್ತೆ. ಬೆಳ್ಳಿ ಬಣ್ಣದ ಕಂಡಕ್ಟಿವ್ ಪೇಂಟ್ ಹಚ್ಚಿ ನೋಡಿದವರಿದ್ದಾರೆ, ವೈಪರ್ ನಾಲ್ಕು ಸಲ ಓಡಾಡಿದ್ರೆ ಎದ್ದುಹೋಗತ್ತೆ.

ಎರಡು ದಾರಿ ಇವೆ.

ಒಂದು, ಓಮೈಟ್ ತರದ 15 ಓಮ್, 25 ವಾಟ್‌ನ ಮೂರು ಕಾಲಿನ ವೈರ್‌ವೌಂಡ್ ರಿಯೋಸ್ಟಾಟ್ (ತಂತಿ ಸುತ್ತಿದ ದೊಡ್ಡ ಪಾಟ್). ಇದು ಮೂಲದ ಹಾಗೇ ಕೆಲಸ ಮಾಡತ್ತೆ, 25 ಓಮ್‌ನ ಗೊಡವೆ ಇಲ್ಲ. ದಪ್ಪ ಸಾಮಾನು, ಒಳಗೆ ಜಾಗ ಇದ್ಯಾ, ಬುಶ್ ಉದ್ದ ಸಾಕಾ ಅಳೆದು ತರಿಸಿ.

ಇನ್ನೊಂದು, ಅಗ್ಗದ್ದು, ಬೇಕಾದಾಗ ಹಿಂದಕ್ಕೆ ಹೋಗಬಹುದಾದದ್ದು. ಎಡಗಡೆಯ ಟ್ವೀಟರ್ ಪಾಟನ್ನ ತಂತಿ ಬಿಡಿಸಿಟ್ಟು, ನಿಮಗೆ ಬೇಕಾದ ಜಾಗದಲ್ಲಿ ನಿಲ್ಲಿಸಿ, ವೈಪರ್‌ನಿಂದ ಎರಡೂ ತುದಿಗೆ ಅಳೀರಿ. ಉದಾಹರಣೆಗೆ 4 ಮತ್ತು 12 ಬಂತು ಅನ್ನಿ. 3.9 ಓಮ್ ಮತ್ತು 12 ಓಮ್‌ನ, 10 ವಾಟ್‌ನ ಎರಡು ರೆಸಿಸ್ಟರ್ ತಗೊಂಡು, ಕೂಡೋ ಜಾಗದಿಂದ ಡ್ರೈವರ್‌ಗೆ, 3.9ರ ಇನ್ನೊಂದು ಕೊನೆ ಒಳಬರೋ ತಂತಿಗೆ, 12ರ ಇನ್ನೊಂದು ಕೊನೆ ನೆಲಕ್ಕೆ. ನಾಬ್ ತೋರಿಕೆಗೆ ಮಾತ್ರ ಉಳಿಯತ್ತೆ. ಸೆರಾಮಿಕ್ ರೆಸಿಸ್ಟರ್‌ಗಳನ್ನ ಗಾಜುನಾರಿನ ಒಳಗೆ ಹುದುಗಿಸಬೇಡಿ, ಹಲಗೆಗೆ ಕ್ಲಿಪ್ ಹೊಡೆದು ನಿಲ್ಲಿಸಿ, ಬಿಸಿಯಾಗತ್ತೆ.

ರಿಯೋಸ್ಟಾಟ್ ಬರೋ ತನಕ ಎರಡನೇದು ಮಾಡಿಟ್ಟುಕೊಳ್ಳಿ.

ಮುಚ್ಚುವಾಗ: ಸ್ಪ್ರೇ ಆವಿ ಹೋಗಲಿ ಅಂತ ಪೆಟ್ಟಿಗೆ ಒಂದು ರಾತ್ರಿ ತೆರೆದಿರಲಿ. ನಾರು ತೂಕಕ್ಕೆ ಸರಿಯಾಗಿ ವಾಪಸ್, ಪಾಟ್ ಮೇಲೆ ಒತ್ತದ ಹಾಗೆ. ವೂಫರ್ ಅಂಚಿಗೆ ಹಳೇ ಅಂಟು ಕೆರೆದು ಹೊಸ ಪುಟ್ಟಿ ಪಟ್ಟಿ ಅಥವಾ ತೆಳು ಫೋಮ್ ಟೇಪ್, ಮೂಲೆಯಲ್ಲಿ ಸಂದಿ ಬಿಡದೆ. ಸ್ಕ್ರೂಗಳನ್ನ ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗೀರಿ, ಒಂದೇ ಕಡೆಯಿಂದ ಸುತ್ತಿ ಬಂದ್ರೆ ಫ್ರೇಮ್ ತಿರುಚಿಕೊಳ್ಳತ್ತೆ. ಆಮೇಲೆ ಕೋನನ್ನ ಎರಡೂ ಕಡೆ ಬೆರಳಿಟ್ಟು ಸಮವಾಗಿ ಮೆಲ್ಲಗೆ ಒಳಗೆ ಒತ್ತಿ ಬಿಡಿ. ಒಂದೆರಡು ಸೆಕೆಂಡ್ ತಗೊಂಡು ನಿಧಾನಕ್ಕೆ ವಾಪಸ್ ಬಂದ್ರೆ ಗಾಳಿ ಸೋರ್ತಿಲ್ಲ. ಪಟಕ್ಕನೆ ಬಂದ್ರೆ ಮೊದಲು ಪಾಟ್‌ಗಳ ಶಾಫ್ಟ್ ಸಂದಿ ನೋಡಿ. ನಟ್ ಕೆಳಗಿನ ವಾಷರ್ ಹಾಕೋದು ಮರೆತಿರೋದೇ ಜಾಸ್ತಿ.

ಬಾಸ್ಟನ್_ಕನ್ನಡಿಗ

ವಾಷರ್ ಒಂದು ಮೇಜಿನ ಮೇಲೇ ಇದೆ. ಮತ್ತೆ ಬಿಚ್ಚುತ್ತಿದ್ದೇನೆ.